ಮನೆಯಲ್ಲಿ ಯಾರಿದ್ದಾರೆ?

ಜನ ಎಣಿಸುವ ಹೆಂಗಸು ಬಂದದ್ದು ಒಂದು ರಜೆಯ ದಿನ ಬೆಳಿಗ್ಗೆ. ಮೂರನೇ ಮಹಡಿಯ ತನಕ ಹತ್ತಿ ಬಂದವಳು ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತಳು. ಸೊಸೆ ಒಗೆದ ಬಟ್ಟೆಯನ್ನು ಮಂಚದ ಮೇಲೆ ಗುಡ್ಡೆ ಹಾಕಿಕೊಂಡು ಮಡಿಸುತ್ತಿದ್ದಳು. ಅತ್ತೆ ಬಾಗಿಲ ಪಕ್ಕ ಕಾಲು ಚಾಚಿ ಕೂತು ಬೀನ್ಸ್ ಮುರಿಯುತ್ತಿದ್ದರು. ಒಂದು ತೊಡೆಯ ಮೇಲೆ ಬುಟ್ಟಿ, ಇನ್ನೊಂದರ ಮೇಲೆ ಗುಂಡ. ಗುಂಡನೆಂದರೆ ಮನೆಯ ಕಿರಿಯ ಮಗ. ಇನ್ನೂ ಎರಡು ತುಂಬಿಲ್ಲ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

"ಮನೇಲಿ ಯಾರ್ಯಾರಿದ್ದೀರಿ ಅಜ್ಜಿ?"

"ಆರು ಜನ ತಾಯಿ. ನಾನು, ನನ್ನ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಆಮೇಲೆ ನಮ್ಮ ಯಜಮಾನ್ರು."

"ಯಜಮಾನ್ರು ಎಲ್ಲಿ?"

"ಹೊರಗೆ ಹೋಗಿದ್ದಾರೆ. ಊಟದ ಹೊತ್ತಿಗೆ ಬಂದುಬಿಡ್ತಾರೆ. ಬಿಸಿ ಆರಿದ ಅನ್ನ ಅವರಿಗೆ ಆಗಲ್ಲ."

ಸೊಸೆಯ ಕೈಯಲ್ಲಿದ್ದ ಅಂಗಿ ಅಲ್ಲೇ ನಿಂತಿತು. ಮಾವ ತೀರಿಹೋದ ವರ್ಷವೇ ದೊಡ್ಡ ಮಗಳು ಹುಟ್ಟಿದ್ದು. ಆ ಹುಡುಗಿ ಈಗ ಏಳನೇ ಕ್ಲಾಸು.

"ತಮಾಷೆ ಮಾಡ್ತಿದ್ದಾರೆ ಮೇಡಂ," ಎಂದು ಸೊಸೆ ಎದ್ದು ಬಂದಳು. "ಐದೇ ಜನ ನಾವು. ಮಾವನೋರು ಇಲ್ಲ."

ಅತ್ತೆ ತಲೆಯೆತ್ತಿ ಸೊಸೆಯ ಮುಖ ನೋಡಿದರು. ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಇಲ್ಲದೇ ಹೋದವರ ಮುಖ ಅದು. ಮರುಕ್ಷಣ ಸಾವರಿಸಿಕೊಂಡು, "ಹೂಂ, ತಮಾಷೆ," ಅಂದರು.

ಬಂದವಳು ನಕ್ಕು ಮುಂದಿನ ಪ್ರಶ್ನೆಗೆ ಹೋದಳು. "ನಿಮ್ಮ ಉದ್ಯೋಗ ಅಜ್ಜಿ?"

"ನನಗೇನು ಉದ್ಯೋಗ. ಮನೇಲೇ ಇರ್ತೀನಿ."

"ಹಾಗಾದ್ರೆ ಕೆಲಸ ಇಲ್ಲ ಅಂತ ಹಾಕ್ತೀನಿ."

"ಹಾಕ್ಕೋ ತಾಯಿ. ನೋಡ್ತಿದ್ದೀಯಲ್ಲ, ಕೈಕಾಲು ಚಾಚಿ ಸುಮ್ನೆ ಕೂತಿದ್ದೀನಿ," ಎಂದ ಅತ್ತೆ ಗುಂಡನ ಬಾಯಿಂದ ಬೀನ್ಸಿನ ನಾರು ಎಳೆದು, ಅದೇ ಉಸಿರಲ್ಲಿ "ಏನೇ, ಹಾಲು ಉಕ್ಕುತ್ತೆ ನೋಡು," ಎಂದು ಸೊಸೆಗೆ ಕೂಗಿ ಹೇಳಿದರು. ಬಂದವಳೂ ನಕ್ಕಳು, ಸೊಸೆಯೂ ನಕ್ಕಳು. ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಹಾಲೇ ಇರಲಿಲ್ಲ. ಬರೀ ಒಲೆ ಉರಿಯುತ್ತಿತ್ತು.

ಸೊಸೆ ಗುಂಡಿ ತಿರುಗಿಸಿ ಒಲೆ ಆರಿಸಿ, ಅಡುಗೆಕಟ್ಟೆ ಹಿಡಿದುಕೊಂಡು ನಿಂತಳು. ಈ ದಾರಿ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಸಂಬಳದ ಕೆಲಸವೇ ಅದು. ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಮನೆಯಲ್ಲಿ, ನಿವೃತ್ತಿಯಾದ ಟೀಚರಮ್ಮನನ್ನು ಅವಳು ಬೆಳಗಿನಿಂದ ಸಂಜೆಯ ತನಕ ನೋಡಿಕೊಳ್ಳುತ್ತಿದ್ದಳು. ಸ್ನಾನ, ಊಟ, ಮಾತ್ರೆ, ಬಟ್ಟೆ ಬದಲಿಸುವುದು, ಬಾಗಿಲ ಕಡೆ ಹೋದರೆ ಹಿಂದಕ್ಕೆ ಕರೆತರುವುದು. ಆ ಮನೆಯಲ್ಲೂ ಹೀಗೇ ಶುರುವಾಯಿತೆಂದು ಟೀಚರಮ್ಮನ ಮಗಳು ಹೇಳಿದ್ದರು. ಮೊದಲು ಸತ್ತವರು ಊಟಕ್ಕೆ ಬರುತ್ತಾರೆ, ಆಮೇಲೆ ಒಲೆ ಉರಿಯುತ್ತಲೇ ಇರುತ್ತದೆ.

ಗಂಡನಿಗೆ ಅವಳು ಹೇಳಲಿಲ್ಲ. ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, ಕೋಳಿ ಕೂಗುವ ಮೊದಲೇ ಹೋಗಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ಸಂಜೆ ಬರುತ್ತಿದ್ದ. ಹೇಳಿದರೆ ಅವನು ಏನನ್ನುತ್ತಾನೆಂದು ಗೊತ್ತಿತ್ತು. ಅವನನ್ನೇಕೆ ಅನ್ನಬೇಕು, ಯಾರಾದರೂ ಅದನ್ನೇ ಅನ್ನುತ್ತಿದ್ದರು: ನೀನು ಮನೇಲಿರು. ಮನೆಯಲ್ಲಿದ್ದರೆ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗಾಗಿ ಅವಳು ಕಂಡದ್ದನ್ನು ಕಾಣದ ಹಾಗೆ ನುಂಗಿಕೊಂಡು, ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಮಾರನೇ ದಿನ ಕೆಲಸಕ್ಕೆ ಹೋದಳು.

ಹೋಗುವ ಮೊದಲು ಅಡುಗೆಯೆಲ್ಲ ಮಾಡಿಟ್ಟು ಒಲೆಯ ಗುಂಡಿ ಕಳಚಿ ಚೀಲಕ್ಕೆ ಹಾಕಿಕೊಂಡಳು.

"ಅತ್ತೆ, ಗ್ಯಾಸ್ ವಾಸನೆ ಬರ್ತಿದೆ. ರಿಪೇರಿಯವನು ಬರೋ ತನಕ ಒಲೆ ಹಚ್ಚಬೇಡಿ."

"ನನ್ನ ಮೂಗಿಗೆ ಬರದ ವಾಸನೆ ನಿನ್ನ ಮೂಗಿಗೆ ಬಂತಾ?"

"ಬಂತು. ಅನ್ನ, ಬೇಳೆ ಮುಚ್ಚಿಟ್ಟಿದ್ದೀನಿ. ಗುಂಡನಿಗೆ ಮೊಟ್ಟೆ ಬೇಯಿಸಿಟ್ಟಿದ್ದೀನಿ."

"ತಣ್ಣಗಿನ ಮೊಟ್ಟೆ ಕೊಡ್ಲಾ ಮಗೂಗೆ? ನಿನ್ನ ಗಂಡನ್ನ ತಣ್ಣಗಿನ ಮೊಟ್ಟೆ ಹಾಕಿ ಬೆಳೆಸಿದ್ದೀನಾ ನಾನು?" ಅತ್ತೆಗೆ ಕೋಪ ಬಂದರೆ ದನಿ ಕೆಳಗಿನ ಮಹಡಿಗೂ ಕೇಳಿಸುತ್ತಿತ್ತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಡೆಸಮ್ಮ, ನಡೆಸು."

ಆ ಕೋಪ ಕೇಳಿ ಸೊಸೆಗೆ ಸಮಾಧಾನವೇ ಆಯಿತು. ಹೀಗೆ ನೆಟ್ಟಗೆ ಬಯ್ಯುವವರಿಗೆ ಏನಾಗಿರಲು ಸಾಧ್ಯ? ಆದರೆ ಬಸ್ಸಿನಲ್ಲಿ ಕೂತ ಮೇಲೆ ಆ ಸಮಾಧಾನ ಇಳಿದುಹೋಯಿತು. ಕಿಟಕಿಯಾಚೆ ಎಲ್ಲಿ ಹೊಗೆ ಕಂಡರೂ ಅವಳು ಕತ್ತು ಹೊರಳಿಸಿ ನೋಡುತ್ತಿದ್ದಳು.

ಮಧ್ಯಾಹ್ನ ಫೋನು ಮಾಡುವುದು ರೂಢಿಯಾಯಿತು.

"ಗುಂಡ ಊಟ ಮಾಡಿದ್ನಾ ಅತ್ತೆ?"

"ಮಾಡ್ದ."

"ಏನು ಮಾಡ್ದ?"

"ಊಟ ಮಾಡ್ದ ಕಣೇ. ಏನು ಮಾಡ್ದ ಅಂತ ಕೇಳ್ತಾಳೆ!"

ಸಂಜೆ ಬಂದು ನೋಡಿದರೆ ಮೊಟ್ಟೆ ಮುಚ್ಚಿಟ್ಟ ಹಾಗೇ ಇರುತ್ತಿತ್ತು. ಇನ್ನೊಂದು ದಿನ ಎಲ್ಲ ಪಾತ್ರೆಗಳೂ ಖಾಲಿ. ಗುಂಡ ಎರಡು ಮೂರು ಸಲ ಉಂಡು ಹೊಟ್ಟೆ ತಂಬಿಗೆಯಂತೆ ಉಬ್ಬಿಸಿಕೊಂಡು ಅಳುತ್ತಿದ್ದ. ಅತ್ತೆ, "ಪಾಪ, ಹಸಿದಿದೆ ಮಗು," ಎಂದು ಮತ್ತೊಂದು ತಟ್ಟೆ ಹುಡುಕುತ್ತಿದ್ದರು.

ಒಂದು ಬೆಳಿಗ್ಗೆ ಸೊಸೆ ಧೈರ್ಯ ಮಾಡಿ ಟೀಚರಮ್ಮನ ಮಗಳನ್ನು ಕೇಳಿದಳು. ಆಕೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು, ಮಾತು ಒರಟಾಗಿದ್ದರೂ ಮನಸ್ಸು ಕೆಟ್ಟದ್ದಲ್ಲ.

"ಮೇಡಂ, ಸ್ವಲ್ಪ ದಿನ ಮಧ್ಯಾಹ್ನದ ಮೇಲೆ ಬೇಗ ಹೋಗ್ಲಾ? ಮನೇಲಿ ನಮ್ಮತ್ತೆಗೆ ಮೈ ಹುಷಾರಿಲ್ಲ."

ಮೇಡಂ ಬೂಟಿನ ದಾರ ಕಟ್ಟುತ್ತಿದ್ದವರು ಹಾಗೇ ಬಗ್ಗಿಕೊಂಡು ನಿಂತರು. "ನೀನು ಬೇಗ ಹೋದ್ರೆ ನಾನು ಬೇಗ ಬರ್ಬೇಕು. ನಾನು ಬೇಗ ಬಂದ್ರೆ ಅಲ್ಲಿ ರಿಪೋರ್ಟು ಬರಲ್ಲ. ರಿಪೋರ್ಟು ಬರದೆ ಡಾಕ್ಟರು ಕತ್ತಿ ಹಿಡಿಯಲ್ಲ. ಗೊತ್ತಾಯ್ತಾ? ನೀನಿದ್ರೆ ನಾನು." ಆಮೇಲೆ ದನಿ ತಗ್ಗಿಸಿ, "ಎಷ್ಟು ಹುಷಾರಿಲ್ಲ?" ಎಂದು ಕೇಳಿದರು.

"ಸ್ವಲ್ಪ ನೆಗಡಿ," ಅಂದಳು ಸೊಸೆ.

ನಿಜ ಹೇಳಿದ್ದರೆ ಮೇಡಂ ಬೇರೆಯವಳನ್ನು ಹುಡುಕಲು ಶುರು ಮಾಡುತ್ತಿದ್ದರು. ತಪ್ಪೂ ಅಲ್ಲ. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಅನ್ನಿಸಿ ಸೊಸೆಗೆ ಇನ್ನಷ್ಟು ಭಯವಾಯಿತು. ಆಸ್ಪತ್ರೆಯ ಡಾಕ್ಟರು ಮೇಡಂ ಮೇಲೆ ನಿಂತಿದ್ದರು, ಮೇಡಂ ತನ್ನ ಮೇಲೆ, ತಾನು ಮನೆಯಲ್ಲಿರುವ ಅತ್ತೆಯ ಮೇಲೆ. ಅತ್ತೆಯೋ, ನಿಂತ ಕಡೆ ಯಾಕೆ ನಿಂತೆ ಎಂದು ಮರೆಯುತ್ತಿದ್ದರು.

ಆಮೇಲೆ ಒಂದು ವಿಚಿತ್ರ ನಡೆಯಿತು. ಮನೆ ತಾನಾಗಿಯೇ ಸರಿಹೋಯಿತು.

ಸಂಜೆ ಬಂದರೆ ಗುಂಡನ ಮುಖ ತೊಳೆದಿರುತ್ತಿತ್ತು. ಮೊಟ್ಟೆ ತಿಂದಿರುತ್ತಿದ್ದ, ಒಂದೇ ತಿಂದಿರುತ್ತಿದ್ದ. ಒಗೆದ ಬಟ್ಟೆ ತಂತಿಯಿಂದ ಇಳಿದು ಬಂದಿರುತ್ತಿತ್ತು. ಅತ್ತೆ ಶಾಂತವಾಗಿ ಚಾಪೆಯ ಮೇಲೆ ಕೂತಿರುತ್ತಿದ್ದರು, ಬಯ್ಯುವುದೂ ಕಡಿಮೆಯಾಗಿತ್ತು. ಗಂಡ ಒಂದು ದಿನ ಊಟಕ್ಕೆ ಕೂತಾಗ, "ಅಮ್ಮ ಯಾಕೋ ಸಾಧು ಆಗ್ಬಿಟ್ಟಿದ್ದಾಳೆ, ನೀನೇನಾದ್ರೂ ಮದ್ದು ಹಾಕಿದ್ಯಾ?" ಎಂದು ನಗಾಡಿದ. ದೊಡ್ಡವಳು ತಟ್ಟೆಯಿಂದ ತಲೆಯೆತ್ತಲಿಲ್ಲ. ಅವಳು ತೂಕಡಿಸುತ್ತಿದ್ದಳು, ತುತ್ತು ಕೈಯಲ್ಲೇ ಇತ್ತು.

"ಶಾಲೇಲಿ ಅಷ್ಟೊಂದು ಓದಿಸ್ತಾರಾ?" ಎಂದು ಸೊಸೆ ಮಗಳ ತಲೆ ಸವರಿದಳು.

"ಹೂಂ," ಅಂದಿತು ಹುಡುಗಿ.

ಸೊಸೆ ನಂಬಿದಳು. ನಂಬುವುದು ಬೇಕಾಗಿತ್ತು. ಮುದಿ ಮೈ, ಒಂದು ಕೆಟ್ಟ ಕಾಲ ಬಂತು, ಹೋಯಿತು ಎಂದುಕೊಂಡು ಒಲೆಯ ಗುಂಡಿ ತಿರುಗಿ ಹಾಕಲೇ ಎಂದೂ ಯೋಚಿಸಿದಳು. ಹಾಕಲಿಲ್ಲ.

ತರಕಾರಿ ಅಂಗಡಿಯ ಮುಂದೆ ಮಗಳ ಕ್ಲಾಸ್ ಟೀಚರ್ ಸಿಕ್ಕಿದ್ದು ಅಂಥ ಒಂದು ನೆಮ್ಮದಿಯ ಸಂಜೆ. ಈರುಳ್ಳಿ ಆರಿಸುತ್ತಲೇ ಆಕೆ ಕೇಳಿದಳು, "ಮಗಳ ಕಿವಿ ಹೇಗಿದೆ ಈಗ?"

"ಕಿವಿಯಾ?"

"ಅದೇ, ದಿನಾ ಮಧ್ಯಾಹ್ನ ಔಷಧಿ ಹಾಕಿಸ್ಕೊಳ್ಳೋಕೆ ಹೋಗ್ತಾಳಲ್ಲ. ಊಟದ ಗಂಟೆ ಆದ್ಮೇಲೆ ಕ್ಲಾಸಿಗೆ ಬರೋದೇ ಇಲ್ಲ. ಜಾಣ ಹುಡುಗಿ, ಪರೀಕ್ಷೆ ಬರ್ತಿದೆ, ನೋಡ್ಕೊಳ್ಳಿ."

ಸೊಸೆ ಕೊಂಡ ತರಕಾರಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಳು. ಅಂಗಡಿಯವನು ಕೂಗಿದ್ದೂ ಕೇಳಿಸಲಿಲ್ಲ. ಹನ್ನೆರಡು ವರ್ಷದ ಹುಡುಗಿ ದಿನಾ ಮಧ್ಯಾಹ್ನ ಎಲ್ಲಿಗೆ ಹೋಗುತ್ತಾಳೆ? ಯಾರ ಜೊತೆ? ಮನೆಗೆ ಬಂದರೆ ಮಗಳು ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಕೇಳಿದರೆ ಸುಳ್ಳು ಹೇಳುತ್ತಾಳೆ, ಕಣ್ಣಾರೆ ನೋಡಬೇಕು ಅನ್ನಿಸಿತು. ಮಾರನೇ ದಿನ ಮೇಡಂ ಹತ್ತಿರ ಹಲ್ಲುನೋವೆಂದು ಅರ್ಧ ದಿನ ರಜೆ ಕೇಳಿ, ಅವರ ಮುಖ ಗಂಟಾದದ್ದನ್ನು ನೋಡದವಳಂತೆ, ಊಟದ ಹೊತ್ತಿಗೆ ಶಾಲೆಯ ಎದುರಿನ ಔಷಧಿ ಅಂಗಡಿಯ ನೆರಳಲ್ಲಿ ಬಂದು ನಿಂತಳು.

ಗಂಟೆ ಹೊಡೆಯಿತು. ಮಗಳು ಚೀಲ ಹೆಗಲಿಗೇರಿಸಿ ಹೊರಗೆ ಬಂದವಳೇ ಓಡಿದಳು. ಯಾರಾದರೂ ಅಟ್ಟಿಸಿಕೊಂಡು ಬಂದರೆ ಓಡುವ ಹಾಗೆ ಓಡಿದಳು. ಸೊಸೆ ಹಿಂದೆ ಹಿಂದೆ ಹೋದಳು. ಹುಡುಗಿ ಬೇರೆಲ್ಲಿಗೂ ತಿರುಗಲಿಲ್ಲ. ನೇರ ಮನೆಯ ಮೆಟ್ಟಿಲು ಹತ್ತಿದಳು.

ಎದೆ ಸ್ವಲ್ಪ ಹಗುರಾಗಿ ಸೊಸೆಯೂ ಮೆಟ್ಟಿಲು ಹತ್ತುವಾಗ ಮೇಲಿಂದ ಒಂದು ದನಿ ಕೇಳಿಸಿತು.

"ಕೂತ್ಕೋ ಅಂದೆ! ಎಷ್ಟು ಸಲ ಹೇಳ್ಬೇಕು ನಿನಗೆ? ಎದ್ದರೆ ನೋಡು!"

ತನ್ನದೇ ದನಿ. ದಣಿದು ಬಂದ ಸಂಜೆಗಳಲ್ಲಿ ತಾನು ಗುಂಡನಿಗೆ ಗದರುವ ದನಿಯೇ ಅದು, ಆದರೆ ಮಗಳ ಗಂಟಲಿಂದ ಬರುತ್ತಿತ್ತು. ಸೊಸೆ ಅರೆತೆರೆದ ಬಾಗಿಲಲ್ಲಿ ಇಣುಕಿದಳು. ಅತ್ತೆ ಚಾಪೆಯ ಮೇಲೆ ಎರಡೂ ಅಂಗೈ ಮಂಡಿಯ ಮೇಲಿಟ್ಟುಕೊಂಡು, ಬೈಸಿಕೊಂಡ ಮಗುವಿನಂತೆ ಕೂತಿದ್ದರು. ಗುಂಡನ ಸೊಂಟಕ್ಕೆ ಹಳೇ ದುಪ್ಪಟ್ಟಿಯ ಒಂದು ತುದಿ, ಇನ್ನೊಂದು ತುದಿ ಮಂಚದ ಕಾಲಿಗೆ. ಹುಡುಗಿ ನಡುವೆ ಮಂಡಿಯೂರಿ ಒಂದು ತಟ್ಟೆಯಿಂದ ಒಂದು ತುತ್ತು ತಮ್ಮನಿಗೆ, ಒಂದು ತುತ್ತು ಅಜ್ಜಿಗೆ ಕೊಡುತ್ತಿದ್ದಳು.

"ಅಗಿ ಅಜ್ಜಿ. ನುಂಗು. ಎಲ್ಲಿ, ಆ ಮಾಡು."

ಅತ್ತೆ ಬಾಯಿ ತೆರೆದು ತೋರಿಸಿದರು.

ಅಂದು ಸಂಜೆ ಅನ್ನದ ತಟ್ಟೆಗಳ ಮುಂದೆ ಎಲ್ಲ ಹೊರಗೆ ಬಿತ್ತು. ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದರು.

"ಎಷ್ಟು ದಿನದಿಂದ?" ಅಂದ ಗಂಡ.

"ತುಂಬಾ ದಿನ ಆಯ್ತು," ಅಂದಳು ದೊಡ್ಡವಳು.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯ ಕಡೆ ತಿರುಗಿದ.

"ಅತ್ತೆಗೆ ಹೀಗಾಗ್ತಿದೆ ಅಂತ ಗೊತ್ತಿತ್ತು. ಇವಳು ಶಾಲೆ ಬಿಡ್ತಿದ್ದಾಳೆ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ದೂ ನನಗೆ ಹೇಳ್ಲಿಲ್ಲ. ನನ್ನ ಅಮ್ಮ ಅಲ್ವಾ ಅದು?"

"ಹೇಳಿದ್ರೆ ಏನು ಮಾಡ್ತಿದ್ರಿ?"

"ಏನು ಮಾಡ್ತಿದ್ದೆ... ನೀನು ಕೆಲಸ ಬಿಡು ಅಂತಿದ್ದೆ! ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋ ಹಾಗೆ, ಯಾರೋ ಮುದುಕಿಗೆ ತುತ್ತು ಹಾಕೋಕೆ ಎರಡು ಬಸ್ಸು ಹತ್ತಿ ಹೋಗ್ತೀಯ, ಇಲ್ಲಿ..."

"ಅದಕ್ಕೇ ಹೇಳ್ಲಿಲ್ಲ ರೀ. ಆ ಮುದುಕಿಯ ತುತ್ತಿಂದಲೇ ಈ ಮನೆಯ ಬಾಡಿಗೆ ಹೋಗೋದು. ಈ ಅಮ್ಮನಿಗೆ ತುತ್ತು ಹಾಕಿದ್ರೆ ಯಾರು ಕೊಡ್ತಾರೆ? ನೀವು ಕೊಡ್ತೀರಾ?"

ಗಂಡ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಜಗಳ ಆಡ್ಬೇಡಿ," ಅಂದಳು ದೊಡ್ಡವಳು. "ನಾನು ನೋಡ್ಕೊಳ್ತೀನಿ. ಇಷ್ಟು ದಿನ ನೋಡ್ಕೊಂಡಿಲ್ವಾ? ನಾನಿದ್ರೆ ಏನೂ ಆಗಲ್ಲ."

"ನೀನು ಶಾಲೆಗೆ ಹೋಗ್ತೀಯ," ಅಂದಳು ಸೊಸೆ.

"ಹೋದ್ರೆ ಗುಂಡ ಸತ್ತುಹೋಗ್ತಾನೆ!"

ಆ ಮಾತು ಗೋಡೆಗೆ ತಗಲಿ ಅಲ್ಲೇ ನಿಂತ ಹಾಗಾಯಿತು. ಹುಡುಗಿ ಅಳಲು ಶುರು ಮಾಡಿದಳು. ಅಳುವಿನ ನಡುವೆ ತುಂಡು ತುಂಡಾಗಿ ಹೇಳಿದಳು. ಒಂದು ದಿನ ಚಿತ್ರದ ಪುಸ್ತಕ ಮರೆತಿದ್ದೆ ಅಂತ ಊಟದ ಹೊತ್ತಿಗೆ ಮನೆಗೆ ಬಂದಿದ್ದಳಂತೆ. ಬಾಗಿಲು ಹಾರುಹೊಡೆದಿತ್ತು. ಅಜ್ಜಿ ಇರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು. ಬಟ್ಟೆ ಒಗೆಯುವ ದೊಡ್ಡ ಟಬ್ಬಿನಲ್ಲಿ ಗುಂಡ ಕೂತಿದ್ದ, ನೀರು ಅವನ ಗಲ್ಲಕ್ಕೆ ಬಂದಿತ್ತು. ಅವನು ಅಳುತ್ತಿರಲಿಲ್ಲ. ತಲೆ ಹಿಂದಕ್ಕೆ ಚಾಚಿ, ಬಾಯಿ ಮುಚ್ಚಿಕೊಂಡು, ಮೇಲೆ ನೋಡುತ್ತಿದ್ದ.

"ಅಜ್ಜಿ ಎಲ್ಲಿದ್ಲು?" ಅಂದ ಗಂಡ.

"ಕೆಳಗೆ ರಸ್ತೇಲಿ. ತಾತನ್ನ ಊಟಕ್ಕೆ ಕರೀತಾ ಇದ್ಲು."

ಸೊಸೆ ಪಕ್ಕದಲ್ಲಿ ನಿದ್ದೆ ಹೋಗಿದ್ದ ಗುಂಡನನ್ನು ಎತ್ತಿಕೊಂಡಳು. ಎದೆಗೆ ಒತ್ತಿ ಹಿಡಿದಳು. ಇಷ್ಟು ದಿನ ಬೆಂಕಿಗೆ ಹೆದರಿ ಗುಂಡಿ ಕಳಚಿಕೊಂಡು ಹೋಗುತ್ತಿದ್ದಳು. ನೀರಿನ ನೆನಪೇ ಅವಳಿಗೆ ಬಂದಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಹೇಳಿದ್ರೆ ನೀನು ಕೆಲಸ ಬಿಡ್ಬೇಕಾಗುತ್ತೆ ಅಂತ. ಅಜ್ಜೀನ ಎಲ್ಲಾದ್ರೂ ಬಿಟ್ಟು ಬರ್ತೀರ ಅಂತ."

ಆಗ ಒಳಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದನ್ನು ಎಲ್ಲರೂ ಒಟ್ಟಿಗೇ ಕಂಡರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಆ ಸಂಜೆ ಅವರ ಕಣ್ಣು ತಿಳಿಯಾಗಿತ್ತು. ಹಾಗಾಗುವ ದಿನಗಳು ಆಗಾಗ ಇರುತ್ತಿದ್ದವು. ಅದು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಕಷ್ಟ.

"ನಾನಾ?" ಅಂದರು. "ನೀರಲ್ಲಿ ಕೂರಿಸಿ ಹೋಗಿದ್ನಾ ನಾನು?"

ಮಗ ತಟ್ಟೆಯ ಅಂಚು ತಿರುವುತ್ತ ಕೂತ.

"ಬಾಯಿ ಬಿಡ್ರೋ. ನನ್ನ ಮಗ ನೀನು, ನೀನಾದ್ರೂ ನಿಜ ಹೇಳು."

"ಬಿಡಮ್ಮ, ಏನೂ ಆಗಿಲ್ಲ," ಅಂದ ಮಗ.

"ಏನೂ ಆಗಿಲ್ಲ ಅಂತ ಯಾಕೆ ಅಳ್ತಿದ್ದಾಳೆ ಕೂಸು?" ಅತ್ತೆ ಗೋಡೆ ಹಿಡಿದು ಬಂದು ಸೊಸೆಯ ಮುಂದೆ ಕೂತರು. ರೂಢಿಯ ಹಾಗೆ ಗುಂಡನ ಕಡೆ ಎರಡೂ ಕೈ ಚಾಚಿದರು. ಸೊಸೆ ತನಗೇ ಗೊತ್ತಿಲ್ಲದೆ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಬೆರಳಗಲ ಅಷ್ಟೇ. ಅತ್ತೆಗೆ ಅದು ಕಂಡಿತು.

ಅವರು ಕೈಗಳನ್ನು ವಾಪಸು ತಂದು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು.

"ಸರಿಯಾಗೇ ಮಾಡ್ದೆ," ಅಂದರು. "ನಾನು ಕೇಳಿದ್ರೂ ಕೊಡ್ಬೇಡ. ಅತ್ತೆ ಅಂತ ಮುಲಾಜು ನೋಡ್ಬೇಡ. ನಾಳೆ ನಾನು ಬೈತೀನಿ, ಕಿತ್ತುಕೊಳ್ಳೋಕೆ ಬರ್ತೀನಿ, ಇವತ್ತು ಹೇಳಿದ್ದು ನನಗೇ ನೆನಪಿರಲ್ಲ. ಆದ್ರೂ ಕೊಡ್ಬೇಡ." ಆಮೇಲೆ ಮಗನ ಕಡೆ ತಿರುಗಿದರು. "ನೀನು ಯಾಕೋ ಇವಳ ಮೇಲೆ ಕಿರುಚ್ತೀಯ? ನಿನ್ನನ್ನ ನೋಡ್ಕೊಂಡೋಳು ನಾನು. ನನ್ನನ್ನ ನೋಡ್ಕೊಳ್ಳೋ ಸರದಿ ಬಂದಾಗ ಅವಳಾ?"

ಗಂಡ ಎದ್ದ. ಕೈ ತೊಳೆದು ಹೊರಗೆ ಹೋದ. ಆದರೆ ಆ ವಾರದಲ್ಲೇ ಬೇಕರಿಯ ಯಜಮಾನನನ್ನು ಕಾಡಿ ಬೇಡಿ ರಾತ್ರಿ ಪಾಳಿಗೆ ಹಾಕಿಸಿಕೊಂಡು ಬಂದ.

"ಏನಂದ್ರು?" ಎಂದು ಸೊಸೆ ಕೇಳಿದಳು.

"ಗಂಡಸಾಗಿ ಮಗು ಆಡಿಸೋಕೆ ಪಾಳಿ ಬದಲಿಸ್ಕೊಳ್ತೀಯಾ ಅಂದ. ಉಳಿದವರು ನನಗೆ ಆಯಾ ಅಂತ ಹೆಸರಿಟ್ಟಿದ್ದಾರೆ. 'ಆಯಮ್ಮಾ, ಹಿಟ್ಟು ಹಾಕಮ್ಮಾ' ಅಂತಾರೆ."

ದೊಡ್ಡವಳು ಬಹಳ ದಿನಗಳ ಮೇಲೆ ನಕ್ಕಳು. ಗುಂಡನನ್ನು ಕೆಳಗಿನ ಮಹಡಿಯ ದರ್ಜಿ ಹೆಂಗಸು ಬೆಳಗಿನ ಹೊತ್ತು ನೋಡಿಕೊಳ್ಳಲು ಒಪ್ಪಿದಳು, ಪುಕ್ಕಟೆಯಾಗಿ ಅಲ್ಲ. ಮಧ್ಯಾಹ್ನದಿಂದ ಅವನೂ ಅಪ್ಪನ ಪಾಲಿಗೆ.

ಮೊದಲ ದಿನ ಸೊಸೆ ಕೆಲಸದಿಂದ ಬಂದಾಗ ಗಂಡ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ, ಅಂಗಿಯ ಮೇಲೆ ಗಂಜಿ, ಕೂದಲಲ್ಲಿ ಗಂಜಿ.

"ಒಂದು ಮೂಟೆ ಹಿಟ್ಟು ನಾದ್ತೀನಿ, ನಾದಿಟ್ರೆ ಅದು ಇಟ್ಟ ಕಡೆ ಇರುತ್ತೆ. ಇವರಿಬ್ರೂ ಇಟ್ಟ ಕಡೆ ಇರಲ್ಲ ಕಣೇ. ಅಮ್ಮನ್ನ ಹಿಡಿದ್ರೆ ಇವನು, ಇವನ್ನ ಹಿಡಿದ್ರೆ ಅಮ್ಮ. ಒಂದು ಲೋಟ ಚಹಾ ಕುಡಿಯೋಕಾಗ್ಲಿಲ್ಲ."

"ಚಹಾ ಮಾಡ್ಲಾ?"

"ಮಾಡು. ಒಲೆಯ ಗುಂಡಿ ಹಾಕು ಮೊದಲು, ಎಲ್ಲಿದೆ?"

ಕೆಲವು ವಾರ ಹೀಗೆ ನಡೆಯಿತು. ನಡೆಯಿತು ಅಂದರೆ ಬಿದ್ದೆದ್ದು ನಡೆಯಿತು. ಗಂಡನ ಕಣ್ಣ ಕೆಳಗೆ ಕಪ್ಪು ಇಳಿಯಿತು. ನಿಂತಲ್ಲೇ ನಿದ್ದೆ ಮಾಡುವುದನ್ನು ಕಲಿತ. ದೊಡ್ಡವಳು ಶಾಲೆಗೆ ಹೋದಳು, ಆದರೆ ಸಂಜೆ ಬಂದ ಕೂಡಲೇ ಚೀಲವನ್ನೂ ಇಳಿಸದೆ ಬಚ್ಚಲಿಗೆ ಹೋಗಿ ಟಬ್ಬು ಬೋರಲಾಗಿದೆಯೇ ಎಂದು ನೋಡಿ ಬರುತ್ತಿದ್ದಳು. ಅತ್ತೆ ತಾವೇ ಹೇಳಿದ ಹಾಗೆ ಬೈದರು, ಕಿತ್ತುಕೊಳ್ಳಲು ಬಂದರು. "ನನ್ನ ಮೊಮ್ಮಗನನ್ನ ನನ್ನಿಂದ ಬಚ್ಚಿಡ್ತೀಯೇನೇ ಮನೆಹಾಳಿ?" ಎಂದು ಒಂದು ಸಂಜೆ ಮೆಟ್ಟಿಲ ತನಕ ಕೂಗಾಡಿದರು. ಸೊಸೆ ಮಗುವನ್ನು ಬಿಗಿಯಾಗಿ ಹಿಡಿದುಕೊಂಡೇ, "ನೀವೇ ಕೊಡ್ಬೇಡ ಅಂದಿದ್ದು ಅತ್ತೆ," ಅಂದಳು. "ನಾನಾ? ಹುಚ್ಚು ಹಿಡಿದಿದ್ಯಾ ನನಗೆ?" ಅಂದರು ಅತ್ತೆ.

ಫೋನು ಬಂದದ್ದು ಟೀಚರಮ್ಮನಿಗೆ ಮಧ್ಯಾಹ್ನದ ಊಟ ಮಾಡಿಸುತ್ತಿರುವಾಗ.

"ಅಮ್ಮ ಇಲ್ಲ," ಅಂದ ಗಂಡ.

"ಇಲ್ಲ ಅಂದ್ರೆ?"

"ಕಣ್ಣು ಮುಚ್ಚಿತ್ತು ಕಣೇ. ಒಂದು ಗಳಿಗೆ. ಗುಂಡ ನನ್ನ ಹೊಟ್ಟೆ ಮೇಲೇ ಮಲಗಿದ್ದ. ಎದ್ದು ನೋಡಿದ್ರೆ ಬಾಗಿಲು ತೆಗೆದಿದೆ. ಬೀದಿಯೆಲ್ಲ ನೋಡ್ದೆ. ಮುಖ್ಯ ರಸ್ತೇಲಿ ಲಾರಿಗಳು... ನೀನು ಬಾ."

ಟೀಚರಮ್ಮ ಬಾಯಿ ತೆರೆದು ಕೂತಿದ್ದರು, ಮುಂದಿನ ಚಮಚಕ್ಕೆ. ಸೊಸೆ ಮೇಡಂಗೆ ಫೋನು ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಕೆಲಸದ ಹೊತ್ತಿನಲ್ಲಿ ಆಕೆ ಎತ್ತುವುದಿಲ್ಲವೆಂದು ಗೊತ್ತಿದ್ದೂ ಮಾಡಿದಳು. ಬಾಗಿಲಿಗೆ ಬೀಗ ಹಾಕಿ ಓಡಿಬಿಡಲೇ? ಟೀಚರಮ್ಮನ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳುವ ಅಭ್ಯಾಸವಿತ್ತು; ಯಾರೂ ಇಲ್ಲದಾಗ ಮೇಜಿನ ಮೇಲಿದ್ದದ್ದನ್ನು ಬಾಚಿ ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಒಬ್ಬ ಮುದುಕಿ ಲಾರಿಗಳ ನಡುವೆ. ಒಬ್ಬ ಮುದುಕಿ ತನ್ನ ಮುಂದೆ, ಬಾಯಿ ತೆರೆದುಕೊಂಡು.

ಅವಳು ಕೂತಳು. ಚಮಚ ತುಂಬಿದಳು. "ಅಗೀರಿ ಟೀಚರಮ್ಮ. ನುಂಗಿ," ಅಂದಳು. ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಟೀಚರಮ್ಮ ಅಗಿಯುವುದನ್ನು ನಿಲ್ಲಿಸಿ, ಕೈ ಚಾಚಿ ಒಂದು ಬೆರಳಿಂದ ಆ ನೀರನ್ನು ಮುಟ್ಟಿ, "ಹೋಂವರ್ಕ್ ಮಾಡಿಲ್ವಾ?" ಎಂದು ಕೇಳಿದರು. "ಇಲ್ಲ ಟೀಚರ್," ಅಂದಳು ಸೊಸೆ. "ನಾಳೆ ಮಾಡ್ಕೊಂಡು ಬಾ," ಅಂದು ಟೀಚರಮ್ಮ ಮತ್ತೆ ಬಾಯಿ ತೆರೆದರು.

ತಟ್ಟೆ ಖಾಲಿಯಾಯಿತು, ಮೂತಿ ಒರೆಸಿದ್ದಾಯಿತು, ಮಾತ್ರೆ ನುಂಗಿಸಿದ್ದಾಯಿತು. ಫೋನು ಮೇಜಿನ ಮೇಲೆ ಸತ್ತಂತೆ ಬಿದ್ದಿತ್ತು. ಅದು ಬಡಿದುಕೊಳ್ಳಲಿ ಎಂದೂ ಬಯಸುತ್ತಿದ್ದಳು, ಬಡಿದುಕೊಳ್ಳದಿರಲಿ ಎಂದೂ. ಸಂಜೆಯ ಹೊತ್ತಿಗೆ ಕೊನೆಗೂ ಬಡಿದುಕೊಂಡಾಗ ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದಳು.

ಆಚೆಯಿಂದ ದೊಡ್ಡವಳ ದನಿ. "ಅಮ್ಮ, ಅಜ್ಜಿ ನನ್ನ ಜೊತೆ ಇದ್ದಾಳೆ."

"ಎಲ್ಲೇ? ಎಲ್ಲಿ ಸಿಕ್ಕಿದ್ಲು?"

"ಶಾಲೆ ಗೇಟಿನ ಹತ್ತಿರ. ಟೀಚರ್ ಫೋನಿಂದ ಮಾಡ್ತಿದ್ದೀನಿ. ಶಾಲೆ ಬಿಟ್ಟಾಗ ಎಲ್ಲರ ಅಮ್ಮಂದಿರ ಜೊತೆ ನಿಂತಿದ್ಲು. ಕಾಲಲ್ಲಿ ಚಪ್ಪಲಿ ಇಲ್ಲ. 'ನಿನ್ನನ್ನ ಕರ್ಕೊಂಡು ಹೋಗೋಕೆ ಬಂದೆ' ಅಂದ್ಲು. ನನ್ನ ಚೀಲ ತಾನೇ ಹಿಡ್ಕೊಂಡಿದ್ದಾಳೆ, ಕೊಡು ಅಂದ್ರೆ ಕೊಡ್ತಿಲ್ಲ." ಹುಡುಗಿ ಒಂದು ಸಲ ಮೂಗೆಳೆದಳು. "ಒಂದನೇ ಕ್ಲಾಸಲ್ಲಿ ಬರ್ತಿದ್ಲಲ್ಲ, ಹಂಗೇ."

ಅವತ್ತು ಮನೆಗೆ ಬಂದ ಸೊಸೆ ಗಂಡನಿಗೆ ಏನೂ ಅನ್ನಲಿಲ್ಲ. ಅನ್ನಬೇಕೆಂದೇ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನು ಬಾಗಿಲ ಮೇಲ್ತುದಿಗೆ, ಅಮ್ಮನ ಕೈಗೆ ಎಟುಕದ ಎತ್ತರದಲ್ಲಿ, ಚಿಲಕ ಹೊಡೆಯುತ್ತಿದ್ದ. ಮೊಳೆಗೆ ಬೀಳಬೇಕಾದ ಏಟು ಬೆರಳಿಗೆ ಬಿದ್ದು ಉಗುರು ನೀಲಿಯಾಗಿತ್ತು. ಅವಳು ಹೋಗಿ ಚಿಲಕ ಹಿಡಿದುಕೊಂಡಳು, ಅವನು ಹೊಡೆದ. ಅತ್ತೆ ಚಾಪೆಯ ಮೇಲೆ ಕೂತು ಇಬ್ಬರನ್ನೂ ನೋಡುತ್ತ, "ಯಾರನ್ನ ಕೂಡಿ ಹಾಕ್ತೀರೋ?" ಎಂದು ಕೇಳಿದರು. ಗಂಡ ಇನ್ನೊಂದು ಮೊಳೆ ಹೊಡೆದ.

ಮುಂದಿನ ರಜೆಯ ದಿನ ಬೆಳಿಗ್ಗೆ ಸೊಸೆ ಅತ್ತೆಗೆ ತಲೆಸ್ನಾನ ಮಾಡಿಸಿ ಬಿಸಿಲು ಬೀಳುವ ಕಿಟಕಿಯ ಹತ್ತಿರ ಕೂರಿಸಿಕೊಂಡಳು. ಗಂಡ ಒಳಗೆ ಸತ್ತವನ ಹಾಗೆ ಮಲಗಿದ್ದ. ದೊಡ್ಡವಳು ಗುಂಡನನ್ನು ಕರೆದುಕೊಂಡು ಕೆಳಗೆ ಆಡಲು ಹೋಗಿದ್ದಳು. ಸೊಸೆ ಟವೆಲ್ಲಿನಿಂದ ಕೂದಲು ಒರೆಸಿ, ಬಾಚಣಿಗೆ ಹಿಡಿದು, ಟೀಚರಮ್ಮನಿಗೆ ಮಾಡುವ ಹಾಗೆಯೇ ತುದಿಯಿಂದ ಸಿಕ್ಕು ಬಿಡಿಸುತ್ತ ಬಂದಳು. ಅತ್ತೆ ಸುಖವಾಗಿ ಕಣ್ಣು ಮುಚ್ಚಿದರು.

"ನಿನ್ನ ಕೈ ತುಂಬಾ ಹಗುರ ಕಣಮ್ಮ," ಅಂದರು. "ನೋವೇ ಆಗಲ್ಲ. ಎಷ್ಟು ದಿನದಿಂದ ಈ ಕೆಲಸ ಮಾಡ್ತಿದ್ದೀಯ?"

ಬಾಚಣಿಗೆ ನಿಂತಿತು. ಆಮೇಲೆ ಮತ್ತೆ ನಡೆಯಿತು.

"ತುಂಬಾ ವರ್ಷ ಆಯ್ತು," ಅಂದಳು ಸೊಸೆ.

"ಸಂಬಳ ಸರಿಯಾಗಿ ಕೊಡ್ತಾರಾ ಈ ಮನೆಯವರು?"

"ಕೊಡ್ತಾರೆ."

"ಕೇಳಿ ತಗೋ. ಮೆತ್ತಗಿದ್ರೆ ಯಾರೂ ಕೊಡಲ್ಲ." ಅತ್ತೆ ಕಣ್ಣು ತೆರೆಯದೆಯೇ ಕೇಳಿದರು, "ಮಕ್ಕಳಿದ್ದಾರಾ ನಿನಗೆ?"

"ಇದ್ದಾರೆ. ಒಬ್ಬಳು ದೊಡ್ಡವಳು, ಒಬ್ಬ ಸಣ್ಣವನು."

"ನೀನಿಲ್ಲಿ ಬಂದ್ರೆ ಅವರನ್ನ ಯಾರು ನೋಡ್ಕೊಳ್ತಾರೆ?"

ಕೆಳಗಿನಿಂದ ಗುಂಡನ ಕೇಕೆ ಕೇಳಿಸಿತು. ಸೊಸೆ ಕಿಟಕಿಯಿಂದ ಬಗ್ಗಿ ನೋಡಿದಳು. ಇದ್ದಾನೆ, ಅಕ್ಕನ ಕೈ ಹಿಡಿದುಕೊಂಡಿದ್ದಾನೆ.

"ನಮ್ಮತ್ತೆ ನೋಡ್ಕೊಳ್ತಾರೆ," ಅಂದಳು.

"ಪುಣ್ಯವಂತೆ. ಒಳ್ಳೆಯವರಾ?"

"ಒಳ್ಳೆಯವರು. ಬಾಯಿ ಸ್ವಲ್ಪ ಜೋರು."

ಅತ್ತೆ ನಕ್ಕರು. ಹಲ್ಲಿಲ್ಲದ ಕಡೆಯಿಂದ ಗಾಳಿ ಹೋಗುವ ಆ ನಗು ಮನೆಯಲ್ಲಿ ಬಹಳ ದಿನಗಳಿಂದ ಕೇಳಿಸಿರಲಿಲ್ಲ. "ಇರ್ಲಿ ಬಿಡು, ಬಾಯಿ ಜೋರಿರೋರ ಕೈ ಚೊಕ್ಕ. ಅವರಿಗೇನಾದ್ರೂ ಕೊಡ್ತೀಯಾ ನೀನು?"

"ಇಲ್ಲ," ಅಂದಳು ಸೊಸೆ. ಬಾಚಣಿಗೆಗೆ ಸಿಕ್ಕಿದ್ದ ಕೂದಲು ಬಿಡಿಸಿ ಮತ್ತೆ ಹೇಳಿದಳು. "ಏನೂ ಕೊಟ್ಟಿಲ್ಲ."

ಅತ್ತೆ ಕಣ್ಣು ತೆರೆದು ಕಿಟಕಿಯ ಬಿಸಿಲು ಎಲ್ಲಿಗೆ ಬಂದಿದೆಯೆಂದು ನೋಡಿದರು. ಕೂದಲಲ್ಲಿದ್ದ ಸೊಸೆಯ ಕೈಯನ್ನು ತಡಕಿ ಹಿಡಿದು ಮೆಲ್ಲಗೆ ಆಚೆ ಸರಿಸಿದರು.

"ಹಾಗಾದ್ರೆ ಇಷ್ಟು ಸಾಕು, ಹೊರಡು ತಾಯಿ," ಅಂದರು. "ವಯಸ್ಸಾದೋರು, ಪಾಪ, ಒಬ್ಬರೇ ಸಣ್ಣ ಮಗು ಕಟ್ಕೊಂಡು ನಿನ್ನ ದಾರಿ ಕಾಯ್ತಿರ್ತಾರೆ."

"ಹೊರಟೆ," ಎಂದಳು ಸೊಸೆ. ಅತ್ತೆಯ ಒದ್ದೆ ಕೂದಲನ್ನು ಮತ್ತೆ ಕೈಗೆ ತೆಗೆದುಕೊಂಡು ಮೂರು ಪಾಲು ಮಾಡಿ ಹೆಣೆಯತೊಡಗಿದಳು.